ತಲೆಯ ಪೆಟ್ಟೂ ತೋಟದ ತ್ವರೆಯೂ

ಮಳೆಗಾಲದಲ್ಲಿ ಹೆಗ್ಗೋಡಿನ ಆಸುಪಾಸಿನ ಮನೆಗಳ ಅಂಗಳಕ್ಕೆ ಅಡಕೆಯ ದಬ್ಬೆ ಹಾಸುವುದು ಪಾಚಿಯ ಮೇಲೆ ಕಾಲು ಜಾರದಿರಲೆಂದು. ಆದಾಗ್ಯೂ ದಬ್ಬೆ ತಪ್ಪಿದ ಹೆಜ್ಜೆಗಳಿಗೆ, ತೋಟದ ಸಂಕದ ಮೇಲಿಂದ ಜಾರಿದವರಿಗೆ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ತಿರುವುಗಳಲ್ಲಿ ಉರುಳುವ ಬೈಕುಗಳಿಗೆ ಕೊರತೆಯಿಲ್ಲ. ಬಿದ್ದವನು ಎದ್ದು, ಪಂಚೆಯ ಕೆಸರು ಕೊಡವಿ, 'ಎಂತದೂ ಆಗಲಿಲ್ಲ' ಎಂದರೆ, ರಕ್ತ ಕಾಣದ ಕಾರಣ ಮನೆಯವರೂ ನಂಬಿಬಿಡುತ್ತಾರೆ.

ಆದರೆ ತಲೆಗೆ ಬಿದ್ದ ಪೆಟ್ಟಿನ ರಭಸಕ್ಕೆ ಮೆದುಳು ಕಪಾಲದೊಳಗೆ ಅಲುಗಿ, ನರಕೋಶಗಳ ರಾಸಾಯನಿಕ ಸಮತೋಲ ಕೆಲಕಾಲ ಕೆಡುವುದುಂಟು. ರಕ್ತಸ್ರಾವವನ್ನೂ ಮೂಳೆಯ ಬಿರುಕನ್ನೂ ತೋರಿಸುವ ಸಿ.ಟಿ. ಸ್ಕ್ಯಾನಿಗೆ ಈ ಸೂಕ್ಷ್ಮ ವ್ಯತ್ಯಯ ಗೋಚರಿಸದು. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ರೂಪಿಸಿದ ಪ್ರಜ್ಞಾಮಟ್ಟದ ಮಾಪನವು ಕಣ್ಣು, ಮಾತು, ಅಂಗಚಲನೆಗಳನ್ನು ಪರೀಕ್ಷಿಸಿ 3ರಿಂದ 15ರವರೆಗೆ ಅಂಕ ಕೊಡುತ್ತದೆ. 13ಕ್ಕೆ ಕಡಿಮೆಯಿಲ್ಲದಿದ್ದರೆ ಪೆಟ್ಟು ಸೌಮ್ಯವೆಂದು ಗಣನೆ. ಆದರೆ ಆ ಅಂಕ ತೋರಿಸುವುದು ಆ ಹೊತ್ತಿನ ಸ್ಥಿತಿಯನ್ನು ಮಾತ್ರ.

ಆದಕಾರಣ ಮೊದಲ ದಿನ ಒಬ್ಬರು ಜೊತೆಗಿರತಕ್ಕದ್ದು. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಅಪಸ್ಮಾರ, ತೊದಲು ಮಾತು, ಎಬ್ಬಿಸಿದರೂ ಏಳದ ಮಂಪರು, ಮೂಗು ಕಿವಿಗಳಿಂದ ತಿಳಿನೀರು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರತಕ್ಕದ್ದು. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರನ್ನು ಲಕ್ಷಣಗಳಿಲ್ಲದಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು. ವೃದ್ಧರಲ್ಲಿ ವಾರಗಳ ಬಳಿಕವೂ ರಕ್ತ ಹೆಪ್ಪುಗಟ್ಟಿ ತೊಂದರೆ ತಲೆದೋರಬಹುದು.

ಅಪಾಯ ಕಳೆದ ಮೇಲೂ ಬೆಳಕು ಸಹಿಸದ ಕಣ್ಣು, ಮರೆವು, ಕಾರಣವಿಲ್ಲದ ಸಿಡುಕು, ನಿದ್ರೆಯ ಏರುಪೇರು ಕೆಲವು ದಿನ ಉಳಿಯುವುದು ಸಹಜ. ಅದನ್ನು ಸೋಮಾರಿತನವೆಂದು ಹಳಿಯಲಾಗದು. ಒಂದೆರಡು ದಿನ ವಿಶ್ರಾಂತಿ, ಮೊಬೈಲಿಗೆ ಮಿತಿ, ಮದ್ಯಕ್ಕೆ ಸಂಪೂರ್ಣ ನಿಷೇಧ. ಅನಂತರ ಲಘುವಾದ ನಡಿಗೆ, ಕ್ರಮೇಣ ಕೆಲಸ. ಬಹುಪಾಲು ಜನ ಕೆಲವೇ ವಾರಗಳಲ್ಲಿ ಮೊದಲಿನಂತಾಗುತ್ತಾರೆ.

ಈ ಕ್ರಮಕ್ಕೆ ಅಡ್ಡಬರುವುದು ತೋಟದ ತ್ವರೆ. ಅಡಕೆಯ ಕೊಳೆರೋಗವು ಯಾರ ಚೇತರಿಕೆಗೂ ಕಾಯುವುದಿಲ್ಲ, ನಿಜ; ಆದರೆ ತಲೆ ಸುತ್ತುತ್ತಿರುವಾಗಲೇ ಮದ್ದು ಸಿಂಪಡಿಸಲು ಮರ ಏರಿದ ಕೊನೆಗೌಡನಿಗೆ ಎರಡನೆಯ ಪೆಟ್ಟು ಬಿದ್ದರೆ ಅದು ಮೊದಲಿನಷ್ಟು ಸೌಮ್ಯವಾಗಿರುತ್ತದೆಂಬ ಭರವಸೆಯಿಲ್ಲ. ವೈದ್ಯರು ಒಪ್ಪುವವರೆಗೆ ಅವನನ್ನು ನೆಲದ ಹಗುರ ಕೆಲಸಕ್ಕೆ ನಿಲ್ಲಿಸಿ, ಕೂಲಿಯನ್ನು ಕಡಿಯದೆ, ಮರಕ್ಕೆ ಬೇರೊಬ್ಬನನ್ನು ಕರೆಯುವ ಯಜಮಾನನು ಚಿಕಿತ್ಸೆಯ ಒಂದು ಭಾಗವನ್ನು ತಾನೇ ನಿರ್ವಹಿಸುತ್ತಾನೆ.