ಗರಂಗಾವೊ ರಾತ್ರಿಯ ಬಗ್ಗೆ ಹತ್ತು ಸಾಲು

ರಂಜಾನ್ ತಿಂಗಳ ಹದಿನಾಲ್ಕನೆಯ ದಿನದ ಉಪವಾಸ ಮುಗಿದ ರಾತ್ರಿ ಕತಾರಿನ ಓಣಿಗಳಲ್ಲಿ ಮಕ್ಕಳದೇ ರಾಜ್ಯ. ಹುಡುಗಿಯರು ಜರಿ ಕಸೂತಿಯ ತಲೆವಸ್ತ್ರ ಧರಿಸಿ, ಹುಡುಗರು ಬಿಳಿ ನಿಲುವಂಗಿ ತೊಟ್ಟು, ಕೊರಳಿಗೆ ಬಟ್ಟೆಯ ಚೀಲ ನೇತುಹಾಕಿಕೊಂಡು, ಹಾಡು ಹೇಳುತ್ತ ಮನೆಮನೆಗೆ ಹೋಗುತ್ತಾರೆ. ಮನೆಯವರು ಚೀಲಕ್ಕೆ ಬೀಜಗಳು, ಮಿಠಾಯಿ ಸುರಿಯುತ್ತಾರೆ. ಇದೇ ಗರಂಗಾವೊ. ದೋಹಾದ ಸೂಕ್ ವಾಕಿಫ್ ಮಾರುಕಟ್ಟೆಯಲ್ಲಿ, ಕತಾರಾ ಸಾಂಸ್ಕೃತಿಕ ಗ್ರಾಮದಲ್ಲಿ ಈಗ ಇದು ಸಾರ್ವಜನಿಕ ಹಬ್ಬವೂ ಆಗಿರುವುದರಿಂದ ಉಡುಪಿ, ಮಂಗಳೂರು ಕಡೆಯಿಂದ ಹೋಗಿ ನೆಲೆಸಿದ ಮನೆಗಳ ಮಕ್ಕಳಿಗೂ ಅದರ ರುಚಿ ಗೊತ್ತು.

ಇಂಥ ರಾತ್ರಿಯ ಬಗ್ಗೆ ಹತ್ತು ಸಾಲು ಬರೆ ಎಂದು ಮೂರನೆಯ ತರಗತಿಯ ಮಗುವಿಗೆ ಹೇಳಿದರೆ ಕೈಗೆ ಸಿಗುವುದು ಹೆಚ್ಚುಕಡಿಮೆ ಇಷ್ಟು: ‘ನಿನ್ನೆ ಗರಂಗಾವೊ ಇತ್ತು. ನಾವು ಕಾರಿನಲ್ಲಿ ಹೋದೆವು. ಆಮೇಲೆ ಮಿಠಾಯಿ ಕೊಟ್ಟರು. ಆಮೇಲೆ ಮನೆಗೆ ಬಂದೆವು. ತುಂಬಾ ಮಜಾ ಬಂತು.’ ಅದೇ ಮಗು ಶಾಲೆಯ ಬಸ್ಸಿನಲ್ಲಿ ಪಕ್ಕದವನಿಗೆ ಅದೇ ರಾತ್ರಿಯ ಕಥೆಯನ್ನು ಇಳಿಯುವವರೆಗೂ ಹೇಳಿರುತ್ತದೆ. ಚೀಲ ಹರಿದು ಬೀಜವೆಲ್ಲ ಚೆಲ್ಲಿದ್ದು, ತಮ್ಮ ಅತ್ತಿದ್ದು, ಯಾರೋ ಅಜ್ಜಿ ಎರಡು ಮುಷ್ಟಿ ಹೆಚ್ಚು ಕೊಟ್ಟಿದ್ದು ಯಾವುದನ್ನೂ ಬಿಟ್ಟಿರುವುದಿಲ್ಲ. ಬಾಯಲ್ಲಿ ಇದ್ದ ಕಥೆ ಪೆನ್ಸಿಲ್ಲಿಗೆ ಇಳಿಯುವಾಗ ಎಲ್ಲಿ ಹೋಯಿತು?

‘ಈಗಿನ ಮಕ್ಕಳಿಗೆ ಕಲ್ಪನಾಶಕ್ತಿ ಇಲ್ಲ, ಎಲ್ಲ ಮೊಬೈಲಿನ ಮಹಿಮೆ’ ಎಂದು ಹಿರಿಯರು ಗೊಣಗುವುದುಂಟು. ಸಂಶೋಧನೆ ಹೇಳುವುದು ಬೇರೆ. ಫ್ರಾನ್ಸಿನ ಬಿಯಾಟ್ರಿಸ್ ಬೂರ್ದಾಂ ಮತ್ತು ಮಿಶೆಲ್ ಫಯೋಲ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಪ್ರಯೋಗ ಸರಳ. ಪದಗಳ ಪಟ್ಟಿಯನ್ನು ಕೇಳಿಸಿ, ನೆನಪಿರುವಷ್ಟನ್ನು ಒಮ್ಮೆ ಬಾಯಿಯಲ್ಲಿ ಹೇಳಿಸಿದರು, ಒಮ್ಮೆ ಬರೆಸಿದರು. ಪ್ರಾಥಮಿಕ ಶಾಲೆಯ ಮಕ್ಕಳು ಬರೆಯುವಾಗ ಕಡಿಮೆ ಪದ ನೆನಪಿಸಿಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೆ ನಿಲ್ಲಿಸದೆ, ದೊಡ್ಡವರಿಗೆ ರೂಢಿಯಿಲ್ಲದ ಕೂಡುಬರಹದ ದೊಡ್ಡಕ್ಷರಗಳಲ್ಲೇ ಬರೆಯಬೇಕೆಂದು ಕಟ್ಟಳೆ ಹಾಕಿದರು. ಆಗ ದೊಡ್ಡವರ ನೆನಪೂ ಮಕ್ಕಳದರಂತೆ ಕುಸಿಯಿತು! ಅಕ್ಷರ ಮೂಡಿಸುವ ಶ್ರಮವೇ ಮನಸ್ಸಿನ ಜಾಗವನ್ನು ತಿಂದುಹಾಕಿತ್ತು.

ಈ ಜಾಗಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಕಾರ್ಯಸ್ಮೃತಿ. ಕೈಯಲ್ಲಿರುವ ಕೆಲಸಕ್ಕೆ ಬೇಕಾದದ್ದನ್ನು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ಮನಸ್ಸಿನ ಸಣ್ಣ ಮೇಜು ಅದು. ದೊಡ್ಡವರ ಮೇಜಿನ ಮೇಲೇ ಒಮ್ಮೆಗೆ ನಾಲ್ಕಾರು ಸಂಗತಿಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮಕ್ಕಳದು ಇನ್ನೂ ಚಿಕ್ಕದು. ಅದರ ಮೇಲೆ ಅಕ್ಷರದ ಆಕಾರ, ಒತ್ತಕ್ಷರ, ಕಾಗುಣಿತ, ಗೆರೆ ತಪ್ಪದಿರುವ ಚಿಂತೆ ಎಲ್ಲ ಒಟ್ಟಿಗೆ ಬಂದು ಕೂತರೆ ಚೆಲ್ಲಿದ ಬೀಜಕ್ಕೂ ಅತ್ತ ತಮ್ಮನಿಗೂ ಸ್ಥಳವೆಲ್ಲಿ? ಅಮೆರಿಕದ ವರ್ಜೀನಿಯಾ ಬರ್ನಿಂಜರ್ ತಂಡ ಬರವಣಿಗೆಯಲ್ಲಿ ಹಿಂದುಳಿಯುವ ಲಕ್ಷಣವಿದ್ದ ಒಂದನೆಯ ತರಗತಿಯ 144 ಮಕ್ಕಳ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಇನ್ನೊಂದು ಸಾಕ್ಷಿ. ಬಾಣದ ಗುರುತುಗಳಿದ್ದ ಅಕ್ಷರವನ್ನು ನೋಡಿ, ಮುಚ್ಚಿ, ನೆನಪಿನಿಂದ ಬರೆಯುವ ಅಭ್ಯಾಸ ಮಾಡಿದವರ ಅಕ್ಷರ ದುಂಡಗಾಯಿತು. ಅದರ ಜೊತೆಗೆ, ಯಾರೂ ಪ್ರಬಂಧ ಪಾಠ ಮಾಡದಿದ್ದರೂ, ಅವರ ಸ್ವಂತ ಬರಹ ಸರಾಗವಾಯಿತು. ಕಾಪಿ ಬರೆಸುವ ಹಳೆಯ ಮೇಷ್ಟ್ರುಗಳನ್ನು ಕಂಡು ಪೂರ್ತಿ ನಗಬೇಕಾಗಿಲ್ಲ. ಆದರೆ ಕಣ್ಣು ಮುಚ್ಚಿ ನೂರು ಸಲ ನಕಲಿಸುವುದು ಈ ಅಭ್ಯಾಸವಲ್ಲ.

ಕನ್ನಡದ ಮಗುವಿಗೆ ಈ ಹೊರೆ ಇಂಗ್ಲಿಷಿನ ಮಗುವಿಗಿಂತ ಹೆಚ್ಚು ಕಾಲ ಇರುತ್ತದೆ. ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತೋರಿಸುತ್ತದೆ. ಇಂಗ್ಲಿಷಿನ 26 ಅಕ್ಷರ ಮೊದಲ ವರ್ಷಗಳಲ್ಲೇ ಕೈವಶವಾದರೆ, ಗುಣಿತಾಕ್ಷರ, ಒತ್ತಕ್ಷರ ಸೇರಿ 400ಕ್ಕೂ ಮೀರುವ ಕನ್ನಡದ ಅಕ್ಷರಗಳ ಕಲಿಕೆ ಮೂರು, ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಕತಾರಿ ಮಕ್ಕಳು ಬರೆಯುವ ಅರಬ್ಬಿಯಲ್ಲಿ ಇರುವುದು 28 ಅಕ್ಷರ. ಆದರೆ ಬಹುಪಾಲು ಅಕ್ಷರಗಳಿಗೆ ಪದದ ಮೊದಲು, ನಡುವೆ, ಕೊನೆಯಲ್ಲಿ, ಬಿಡಿಯಾಗಿ ಬೇರೆ ಬೇರೆ ರೂಪ. ಬಲದಿಂದ ಎಡಕ್ಕೆ ಓಟ. ಹ್ರಸ್ವ ಸ್ವರಗಳನ್ನು ಸಾಮಾನ್ಯ ಬರಹದಲ್ಲಿ ಬರೆಯುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಕತಾರಿನಲ್ಲಿ ಇನ್ನೊಂದಿದೆ. ಕತಾರಿ ಮಗು ಮನೆಯಲ್ಲಿ ಆಡುವುದು ಕೊಲ್ಲಿಯ ಆಡುಮಾತಿನ ಅರಬ್ಬಿ. ಶಾಲೆಯಲ್ಲಿ ಬರೆಯಬೇಕಾದದ್ದು ಶಿಷ್ಟ ಅರಬ್ಬಿ. ಒಂದೇ ಸಮಾಜದಲ್ಲಿ ಮಾತಿಗೊಂದು, ಬರಹಕ್ಕೊಂದು ಭಾಷೆ ಇರುವ ಈ ಸ್ಥಿತಿಯನ್ನು ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ವಿವರಿಸಿದಾಗ ಆತ ಎತ್ತಿಕೊಂಡ ಉದಾಹರಣೆಗಳಲ್ಲಿ ಅರಬ್ಬಿಯೇ ಪ್ರಮುಖ. ಎಲಿನೋರ್ ಸಾಯೆಗ್-ಹದ್ದಾದ್ ನಡೆಸಿದ ಸಂಶೋಧನೆಗಳು ಕಂಡುಕೊಂಡಂತೆ, ಆಡುಮಾತಿನಲ್ಲಿ ಇಲ್ಲದ ಧ್ವನಿ, ಪದಗಳೇ ಓದು ಕಲಿಯುವ ಅರಬ್ ಮಕ್ಕಳನ್ನು ಹೆಚ್ಚು ಎಡವಿಸುತ್ತವೆ. ದೋಹಾದ ಭಾರತೀಯ ಶಾಲೆಗೆ ಹೋಗುವ ಕರಾವಳಿಯ ಮಗುವಿನ ಕಥೆ ಇನ್ನೂ ಸಿಕ್ಕು. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ತರಗತಿಯಲ್ಲಿ ಇಂಗ್ಲಿಷ್, ಪಠ್ಯದಲ್ಲಿ ಹಿಂದಿ ಮತ್ತು ಅರಬ್ಬಿ, ಅಪ್ಪ ಅಮ್ಮನಿಗೆ ಛಲವಿದ್ದರೆ ರಜೆಯ ದಿನ ಕನ್ನಡ. (ಮಂಗಳೂರಿನವರು ಪುಸ್ತಕದ ಕನ್ನಡ ಮಾತಾಡುತ್ತಾರೆ ಎಂದು ಘಟ್ಟದ ಮೇಲಿನವರು ನಗುವುದುಂಟು. ಮಂಗಳೂರಿನವರಲ್ಲಿ ಬಹಳ ಮಂದಿ ಕನ್ನಡ ಕಲಿತದ್ದೇ ಪುಸ್ತಕದಿಂದ.)

ಕತಾರ್ ಸರ್ಕಾರ ಈ ಸಮಸ್ಯೆಗೆ ಕಣ್ಣು ಮುಚ್ಚಿ ಕೂತಿಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಸಲಹೆಯಂತೆ ಶಾಲಾ ಸುಧಾರಣೆ ಶುರುವಾಗಿ, 2004ರಲ್ಲಿ ಮೊದಲ 12 ‘ಸ್ವತಂತ್ರ ಶಾಲೆ’ಗಳು ತೆರೆದವು. ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿಗೆ ಒಯ್ದು, 2012ರ ಹೊತ್ತಿಗೆ ಮತ್ತೆ ಅರಬ್ಬಿಗೆ ತಂದರು. ನಾಲ್ಕನೆಯ ತರಗತಿಯ ಓದನ್ನು ಅಳೆಯುವ ಪಿರ್ಲ್ಸ್ ಪರೀಕ್ಷೆಯಲ್ಲಿ ಕತಾರಿನ ಸರಾಸರಿ 2006ರಲ್ಲಿ 353 ಇದ್ದದ್ದು 2011ರಲ್ಲಿ 425, 2016ರಲ್ಲಿ 442, 2021ರಲ್ಲಿ 485ಕ್ಕೆ ಏರಿತು. ಅದರ ಅಳತೆಗೋಲಿನ ಮಧ್ಯಬಿಂದು 500. ಕೊನೆಯ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು: ಕೋವಿಡ್ ಕಾರಣದಿಂದ ಆ ಸಲ ಕತಾರಿನಲ್ಲಿ ಪರೀಕ್ಷೆ ತಡವಾಗಿ, ಮಕ್ಕಳು ಐದನೆಯ ತರಗತಿಗೆ ಕಾಲಿಟ್ಟ ಮೇಲೆ ನಡೆಯಿತು. ಮೇಲಾಗಿ ಅದು ಅಳೆಯುವುದು ಓದನ್ನು, ಬರವಣಿಗೆಯನ್ನಲ್ಲ.

ಹಾಗಾದರೆ ನಡೆದದ್ದನ್ನು ಹೇಳುವ ಬರಹವನ್ನು ಕಲಿಸುವುದು ಹೇಗೆ? 1980ರ ದಶಕದಲ್ಲಿ ಸಿಡ್ನಿಯ ಭಾಷಾವಿಜ್ಞಾನಿಗಳಾದ ಜಿಮ್ ಮಾರ್ಟಿನ್, ಜೋನ್ ರಾದರಿ ಮತ್ತು ಸಂಗಡಿಗರು ಶಾಲಾಮಕ್ಕಳ ಬರಹಗಳನ್ನು ಗುಡ್ಡೆ ಹಾಕಿಕೊಂಡು ಓದಿದರು. ಅನುಭವ ಕಥನಕ್ಕೆ ಒಂದು ಅಸ್ಥಿಪಂಜರ ಇರುವುದು ಕಂಡಿತು. ಯಾರು, ಎಲ್ಲಿ, ಯಾವಾಗ ಎನ್ನುವ ಪೀಠಿಕೆ. ಒಂದರ ಹಿಂದೆ ಒಂದು ಘಟನೆ. ಕೊನೆಗೆ ಹೇಳುವವನಿಗೆ ಏನನ್ನಿಸಿತು ಎಂಬುದು. ಬಡಾವಣೆಯ ಸುಸ್ಥಿತಿಯ ಮನೆಗಳ ಮಕ್ಕಳಿಗೆ ಇದು ಕೇಳಿ ಕೇಳಿ ಬಂದಿರುತ್ತದೆ, ಉಳಿದವರಿಗೆ ಬಿಡಿಸಿ ತೋರಿಸದಿದ್ದರೆ ಅನ್ಯಾಯ ಎಂಬುದು ಅವರ ವಾದ. ಅದಕ್ಕಾಗಿ ಅವರು ರೂಪಿಸಿದ ಕ್ರಮದಲ್ಲಿ ಒಳ್ಳೆಯ ಮಾದರಿಯೊಂದನ್ನು ಮೊದಲು ಒಟ್ಟಿಗೆ ಬಿಚ್ಚಿ ನೋಡುತ್ತಾರೆ. ನಂತರ ಇಡೀ ತರಗತಿ ಸೇರಿ, ಶಿಕ್ಷಕಿ ಹಲಗೆಯ ಮೇಲೆ ಬರೆಯುತ್ತ, ಒಂದು ಬರಹ ಕಟ್ಟುತ್ತದೆ. ಮಗು ಒಂಟಿಯಾಗಿ ಬರೆಯುವುದು ಆಮೇಲೆ. ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಎರಡನ್ನು ಹಾರಿಸಿ ಮೂರನೆಯದಕ್ಕೇ ನೆಗೆಯುತ್ತಾರೆ.

ಅಸ್ಥಿಪಂಜರ ಕೊಟ್ಟ ಮಾತ್ರಕ್ಕೆ ಮಾಂಸ ತುಂಬುವುದಿಲ್ಲ. ‘ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ತಿಂಡಿ ತಿಂದೆ’ ಎಂದು ಮಕ್ಕಳು ಬರೆಯುವುದಕ್ಕೆ ಸೋಮಾರಿತನ ಕಾರಣವಲ್ಲ. ಪದೇ ಪದೇ ನಡೆಯುವ ಸಂಗತಿಗಳನ್ನು ಚಿಕ್ಕ ಮಕ್ಕಳು ಒಂದು ಸಿದ್ಧ ಪಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತಾರೆ ಎಂದು ಮನೋವಿಜ್ಞಾನಿ ಕ್ಯಾಥರೀನ್ ನೆಲ್ಸನ್ ತೋರಿಸಿದ್ದಾರೆ. ನೆನಪಿಸಿಕೊ ಎಂದಾಗ ಮೊದಲು ಎದ್ದುಬರುವುದು ಆ ಪಟ್ಟಿಯೇ. ಆ ದಿನದ ನಿಜವಾದ ಘಟನೆ ಅದರ ಕೆಳಗೆ ಹೂತಿರುತ್ತದೆ. ‘ಏನೇನು ಮಾಡಿದೆ?’ ಎಂದು ಕೇಳಿದರೆ ಪಟ್ಟಿ ಬರುತ್ತದೆ. ‘ಎಂದಿನ ಹಾಗೆ ಆಗದೆ ಇದ್ದದ್ದು ಯಾವುದು?’ ಎಂದು ಕೇಳಿದರೆ ಹರಿದ ಚೀಲ ಹೊರಬರುತ್ತದೆ.

ಈ ಕೇಳುವ ಕೆಲಸ ಶುರುವಾಗಬೇಕಾದದ್ದು ಮನೆಯಲ್ಲಿ. ಎಲೇನ್ ರೀಸ್, ರಾಬಿನ್ ಫೈವುಶ್ ಮೊದಲಾದ ಮನೋವಿಜ್ಞಾನಿಗಳು ತಾಯಂದಿರು ಮಕ್ಕಳೊಡನೆ ಹಳೆಯ ಸಂಗತಿ ನೆನೆಯುವ ಪರಿಯನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಕೆಲವರು ಹೌದು-ಅಲ್ಲ ಎಂದು ಉತ್ತರ ಬರುವ ಪ್ರಶ್ನೆಯನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಾರೆ. ಇನ್ನು ಕೆಲವರು ಮಗು ಹೇಳಿದ್ದಕ್ಕೆ ಒಂದು ವಿವರ ಸೇರಿಸಿ, ‘ಆಮೇಲೆ ಆತ ಏನಂದ? ಅವನ ಮುಖ ಹೇಗಿತ್ತು?’ ಎಂದು ಎಳೆ ಹಿಡಿದು ಮುಂದುವರಿಸುತ್ತಾರೆ. ಎರಡನೆಯ ಬಗೆಯ ತಾಯಂದಿರ ಮಕ್ಕಳ ನೆನಪಿನ ಕಥನ ಮುಂದೆ ಸಮೃದ್ಧವಾಗುತ್ತದೆ. ಈ ಪರಿಯನ್ನು ತಾಯಂದಿರಿಗೆ ಕಲಿಸಿಕೊಡಬಹುದು. ಕತಾರಿಗಳಿಗೆ ಇದಕ್ಕೆ ಹೇಳಿಮಾಡಿಸಿದ ಜಾಗವೊಂದಿದೆ: ಹಿರಿಯರು ಕೂತು ಸುದ್ದಿ, ಕಥೆ ಹಂಚಿಕೊಳ್ಳುವ ಮಜ್ಲಿಸ್. 2015ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಮುತ್ತು ತೆಗೆಯಲು ಮುಳುಗುತ್ತಿದ್ದ ಅಜ್ಜಂದಿರ ಸಾಹಸಗಳು ಮೊಮ್ಮಕ್ಕಳಿಗೆ ದಾಟಿಬಂದದ್ದು ಹೆಚ್ಚಾಗಿ ಇಂಥ ಮಾತಿನಲ್ಲೇ. ದೋಹಾದ ಕನ್ನಡ ಮನೆಯಲ್ಲಿ ಆ ಜಾಗ ವಾಟ್ಸಾಪ್ ವಿಡಿಯೊ ಕರೆಯದು. ಆದರೆ ‘ಊಟ ಆಯ್ತಾ ಮಗಾ?’, ‘ಹೂಂ’, ‘ಶಾಲೆಗೆ ಹೋದ್ಯಾ?’, ‘ಹೂಂ’ ಎಂಬಲ್ಲಿಗೆ ಅಜ್ಜಿ ಮೊಮ್ಮಗನ ಸಂವಾದ ಮುಗಿದುಹೋಗುತ್ತದೆ. ಅಜ್ಜಿ ನೋಡದ ಊರಿನ ಬಗ್ಗೆ ಅವಳಿಗೆ ಹೇಳುವುದಕ್ಕಿಂತ ಒಳ್ಳೆಯ ಬರವಣಿಗೆಯ ಪೂರ್ವಾಭ್ಯಾಸ ಇನ್ನೊಂದು ಸಿಗಲಿಕ್ಕಿಲ್ಲ. ಕೇಳುವವರಿಗೆ ಗೊತ್ತಿಲ್ಲದಿದ್ದಾಗಲೇ ವಿವರಿಸುವ ಅಗತ್ಯ ಹುಟ್ಟುವುದು.

ವರ್ಣನೆಯ ಮಾತಿಗೆ ಬಂದರೆ, ‘ಹಸು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು’ ಎಂಬ ಪ್ರಬಂಧ ಕನ್ನಡ ಶಾಲೆಗಳಲ್ಲಿ ತಲೆಮಾರುಗಳಿಂದ ಅಮರ. ಅದು ಯಾವ ಹಸುವೂ ಅಲ್ಲ. ದೋಹಾದಲ್ಲಿ ಹಸುವಿನ ಬದಲು ಒಂಟೆ ನಿಂತಿರುತ್ತದೆ, ಅಷ್ಟೇ ಬದಲಾವಣೆ. ಮಗುವನ್ನು ಸೂಕ್ ವಾಕಿಫ್‌ನ ಗಿಡುಗಗಳ ಅಂಗಡಿ ಸಾಲಿನಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಿಸಿ, ಒಂದೇ ಒಂದು ಹಕ್ಕಿಯನ್ನು ನೋಡಿಸಿ, ಮೊದಲು ಅದರ ಚಿತ್ರ ಬಿಡಿಸಲು ಹೇಳಬೇಕು. ಇದು ಮಕ್ಕಳನ್ನು ಸುಮ್ಮನಿರಿಸುವ ಉಪಾಯವಲ್ಲ. ಹೆಲೆನ್ ಕಾಲ್ಡ್‌ವೆಲ್ ಮತ್ತು ಬ್ಲೇನ್ ಮೂರ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು, ಮೂರನೆಯ ತರಗತಿಯ ಮಕ್ಕಳ ಪೈಕಿ, ಬರೆಯುವ ಮುನ್ನ ಚರ್ಚೆಯನ್ನಷ್ಟೇ ಮಾಡಿದವರಿಗಿಂತ ಚಿತ್ರ ಬಿಡಿಸಿ ಬರೆದವರ ಕಥೆಗಳು ಮೇಲಾಗಿದ್ದವು. ಚಿತ್ರ ಬಿಡಿಸಲು ಹೊರಟವನು ಕಾಲುಗುರು ಎಷ್ಟು ಬಾಗಿದೆ ಎಂದು ನೋಡಲೇಬೇಕು. ಕಾಗದದ ಮೇಲೆ ನಿಂತ ವಿವರವನ್ನು ತಲೆಯಲ್ಲಿ ಹೊತ್ತು ತಿರುಗಬೇಕಾಗಿಯೂ ಇಲ್ಲ.

ಇನ್ನುಳಿದದ್ದು ವಾಕ್ಯ. ‘ಗಿಡುಗ ಇತ್ತು. ಅದರ ಕಣ್ಣಿಗೆ ಚರ್ಮದ ಟೊಪ್ಪಿ ಇತ್ತು. ಅದು ಅಲುಗಾಡಲಿಲ್ಲ’ ಎಂದು ಮಗು ಬರೆದರೆ, ಮೂರನ್ನೂ ಕೂಡಿಸಿ ಒಂದು ಮಾಡು ಎನ್ನಬಹುದು. ‘ಕಣ್ಣಿಗೆ ಚರ್ಮದ ಟೊಪ್ಪಿ ಹಾಕಿದ್ದ ಗಿಡುಗ ಅಲುಗಾಡದೆ ಕೂತಿತ್ತು.’ ಕನ್ನಡಕ್ಕೆ ಈ ಹೆಣಿಗೆ ಸಹಜ. ‘ಹೋಗಿ, ನೋಡಿ, ತಿಂದು ಬಂದೆವು’ ಎನ್ನುವಾಗ ನಾಲ್ಕು ಕ್ರಿಯೆಗಳು ಒಂದೇ ಉಸಿರಿನಲ್ಲಿ ಸಾಗುತ್ತವೆ, ‘ಆಮೇಲೆ’ಯ ಕಾಟವೂ ಕಡಿಮೆಯಾಗುತ್ತದೆ. ಇಂಗ್ಲಿಷಿನಲ್ಲಿ ಬ್ರೂಸ್ ಸ್ಯಾಡ್ಲರ್ ಮತ್ತು ಸ್ಟೀವ್ ಗ್ರಹಾಂ 2005ರಲ್ಲಿ ನಾಲ್ಕನೆಯ ತರಗತಿಯವರಿಗೆ ಇಂಥ ವಾಕ್ಯ ಜೋಡಿಸುವ ಅಭ್ಯಾಸ ಕೊಟ್ಟು ಪರೀಕ್ಷಿಸಿ, ವ್ಯಾಕರಣ ಪಾಠ ಕೇಳಿದವರಿಗಿಂತ ಇವರ ವಾಕ್ಯ ಚೆನ್ನಾಗಿರುವುದನ್ನು ಕಂಡರು. ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗಲೂ, ಬರವಣಿಗೆಯಿಂದ ಬೇರ್ಪಡಿಸಿ ಹೇಳಿದ ವ್ಯಾಕರಣ ಪಾಠ ಬರಹವನ್ನು ಸುಧಾರಿಸಿರಲಿಲ್ಲ. ಯೋಜಿಸು, ಬರೆ, ತಿದ್ದು ಎಂಬ ಹಂತಗಳನ್ನು ಬಿಡಿಸಿ ಕಲಿಸಿದ್ದೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತ್ತು. ಕೆಂಪು ಶಾಯಿಯ ಪೆನ್ನು ಮೂರನೆಯ ಹಂತಕ್ಕೆ ಕಾದಿರಲಿ. ಮೊದಲ ಕರಡಿನಲ್ಲೇ ಒತ್ತಕ್ಷರದ ತಪ್ಪಿಗೆ ಅಂಕ ಕತ್ತರಿಸಿದರೆ ಮಗು ತಪ್ಪಾಗದಂಥ ಪದಗಳಲ್ಲೇ ಬರೆಯುವುದನ್ನು ಕಲಿಯುತ್ತದೆ. ಆಗ ಬರುವುದು ‘ತುಂಬಾ ಮಜಾ ಬಂತು.’

ಮನೆಮಾತನ್ನು ತರಗತಿಯ ಬಾಗಿಲಲ್ಲೇ ಬಿಟ್ಟು ಬಾ ಎನ್ನುವುದೂ ಇಂಥದೇ ತಪ್ಪು. ಒಂದು ಭಾಷೆಯಲ್ಲಿ ಪಳಗಿದ ಆಲೋಚನೆ ಇನ್ನೊಂದಕ್ಕೆ ದಾಟಬಲ್ಲದು ಎಂದು ಕೆನಡಾದ ಜಿಮ್ ಕಮ್ಮಿನ್ಸ್ 1979ರಿಂದಲೂ ವಾದಿಸುತ್ತಿದ್ದಾರೆ. ಗರಂಗಾವೊ ಕಥೆಯನ್ನು ಮಗು ತುಳುವಿನಲ್ಲಿ ಹೇಳಿ, ಚಿತ್ರದ ಬದಿಯಲ್ಲಿ ನಾಲ್ಕು ಪದ ಗುರುತು ಹಾಕಿಕೊಂಡು, ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಬರೆದರೆ ಯಾವ ಭಾಷೆಗೂ ನಷ್ಟವಿಲ್ಲ.

ಕತಾರಿನಲ್ಲಿ ಕನ್ನಡಿಗರ ಸಂಘಟನೆಗಳಿಗೆ ಕೊರತೆ ಇಲ್ಲ. ಕರ್ನಾಟಕ ಸಂಘ ಇದೆ, ತುಳುಕೂಟ ಇದೆ, ರಾಜ್ಯೋತ್ಸವ ಪ್ರತಿವರ್ಷ ಸಡಗರದಿಂದ ನಡೆಯುತ್ತದೆ. ಮುಂದಿನ ಸಲ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಡುವವರು ಒಂದು ಸಣ್ಣ ಬದಲಾವಣೆ ಮಾಡಲಿ. ‘ನನ್ನ ನೆಚ್ಚಿನ ಹಬ್ಬ’ ಎಂಬ ವಿಷಯದ ಬದಲು, ಕಳೆದ ಹಬ್ಬದಲ್ಲಿ ಎಂದಿನಂತೆ ನಡೆಯದ ಒಂದು ಸಂಗತಿಯನ್ನು ಕೇಳಲಿ. ಕಾಗದ ಹಂಚುವ ಮುನ್ನ ಹತ್ತು ನಿಮಿಷ ಮಕ್ಕಳು ಜೋಡಿ ಜೋಡಿಯಾಗಿ, ತಮಗೆ ಬರುವ ಭಾಷೆಯಲ್ಲಿ, ಒಬ್ಬರಿಗೊಬ್ಬರು ಅದನ್ನು ಹೇಳಿಕೊಳ್ಳಲು ಬಿಡಲಿ. ಸಭಾಂಗಣದಲ್ಲಿ ಗಲಾಟೆ ಆಗುತ್ತದೆ, ಆಗಲಿ.