ಬಾಯಿ ಕ್ಯಾನ್ಸರ್: ಕಣ್ಣಿಗೆ ಕಾಣುವ ಕಾಯಿಲೆ

ಭಾರತದ ಗಂಡಸರನ್ನು ಹೆಚ್ಚಾಗಿ ಕಾಡುವ ಕ್ಯಾನ್ಸರ್‌ಗಳಲ್ಲಿ ಬಾಯಿ ಕ್ಯಾನ್ಸರ್ ಮುಂಚೂಣಿಯಲ್ಲಿದೆ. ಹೊಟ್ಟೆಯಲ್ಲೋ ಶ್ವಾಸಕೋಶದಲ್ಲೋ ಅಡಗಿ ಬೆಳೆಯುವ ಗಡ್ಡೆ ಇದಲ್ಲ. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಹಾಗಿದ್ದೂ ಬಹಳಷ್ಟು ರೋಗಿಗಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಕಾಯಿಲೆ ದವಡೆಯ ಮೂಳೆಗೋ ಕುತ್ತಿಗೆಯ ಗ್ರಂಥಿಗಳಿಗೋ ಇಳಿದ ಮೇಲೆ. ಆರಂಭದಲ್ಲಿ ನೋವಿರುವುದಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ.

ಮೂಲ ಬಹುಪಾಲು ಅಗಿಯುವ ಚಟದಲ್ಲಿದೆ. ಹೊಗೆಸೊಪ್ಪನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಟ್ಟುಕೊಳ್ಳುವವರಿಗೆ ಹುಣ್ಣು ಏಳುವುದೂ ಸಾಮಾನ್ಯವಾಗಿ ಅದೇ ಜಾಗದಲ್ಲಿ. ಜೊತೆಗೆ ಹಚ್ಚುವ ಸುಣ್ಣ ನಿಕೋಟಿನ್ ಬೇಗ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಬೀಡಿ, ಸಿಗರೇಟು, ಮದ್ಯ ಸೇರಿಕೊಂಡರೆ ಅಪಾಯ ಹಲವು ಪಟ್ಟು ಏರುತ್ತದೆ.

ಹೊಗೆಸೊಪ್ಪು ಹಾಕದ ಬರೀ ಅಡಿಕೆಯಿಂದ ತೊಂದರೆಯಿಲ್ಲ ಎಂಬ ನಂಬಿಕೆ ಅಡಿಕೆ ಬೆಳೆಯುವ ನಾಡಿನಲ್ಲಿ ಆಳವಾಗಿದೆ. ಅದು ನಿಜವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಸಾವಿರಾರು ಕುಟುಂಬಗಳ ಬದುಕು ಈ ಬೆಳೆಯ ಮೇಲೆ ನಿಂತಿರುವುದರಿಂದ ಮಾತು ಕಹಿ. ಹಾಗೆಂದು ಮುಚ್ಚಿಡುವುದು ಅಗಿಯುವವರಿಗೆ ಮಾಡುವ ಅನ್ಯಾಯ. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿದರೂ ಪಾನ್ ಮಸಾಲಾ ಮತ್ತು ತಂಬಾಕಿನ ಪ್ರತ್ಯೇಕ ಪೊಟ್ಟಣಗಳು ಅಂಗಡಿಯಲ್ಲಿ ಜೊತೆಜೊತೆಯಾಗಿ ತೂಗಾಡತೊಡಗಿದವು.

ಅಡಿಕೆಯ ಹಾನಿ ಮೊದಲು ಕಾಣುವುದು ಊಟದ ಹೊತ್ತಿನಲ್ಲಿ. ಖಾರದ ಸಾರು ಬಾಯಿಗೆ ತಗುಲಿದರೆ ಉರಿ. ಕೆನ್ನೆಯ ಒಳಪದರ ಬಿಳಿಚಿಕೊಂಡು, ಬೆರಳಿಟ್ಟರೆ ಗಟ್ಟಿ ನಾರಿನ ಪಟ್ಟಿಗಳು ಸಿಗುತ್ತವೆ. ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಲಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಹೀಗೆ ನಾರುಗಟ್ಟಿದ ಅಂಗಾಂಶ ಅಡಿಕೆ ಬಿಟ್ಟರೂ ಪೂರ್ತಿ ಮೊದಲಿನಂತಾಗದು; ಬಿಡದಿದ್ದರೆ ಬಿಗಿತ ಇನ್ನೂ ಹೆಚ್ಚುತ್ತದೆ, ಕೆಲವರಲ್ಲಿ ಅದೇ ಕ್ಯಾನ್ಸರ್‌ಗೆ ತಿರುಗುತ್ತದೆ. ಹದಿಹರೆಯದಲ್ಲೇ ಪೊಟ್ಟಣ ಹಿಡಿದ ಹುಡುಗರಲ್ಲಿ ಈ ಸ್ಥಿತಿ ಕಾಣುತ್ತಿರುವುದು ನಿಜಕ್ಕೂ ಸಂಕಟದ ಸಂಗತಿ.

ಇನ್ನುಳಿದ ಸುಳಿವುಗಳೆಂದರೆ ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಹೆಚ್ಚು ಅಪಾಯದ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು. ಚಟವಿರುವವರು ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ತುಟಿಯ ಒಳಭಾಗ, ಎರಡೂ ಕೆನ್ನೆ, ಒಸಡು, ನಾಲಿಗೆಯ ಅಂಚು ಹಾಗೂ ಅಡಿಭಾಗ ನೋಡಿಕೊಳ್ಳುವುದು ಒಳ್ಳೆಯದು.

ನೋಡುವುದರಿಂದಲೇ ಜೀವ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿದ್ದು ನೆರೆಯ ಕೇರಳದಲ್ಲಿ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಶೇ 34ರಷ್ಟು ಇಳಿದಿತ್ತು. ಈಗ ಸರ್ಕಾರದ ಕಾರ್ಯಕ್ರಮದಡಿ 30 ದಾಟಿದವರಿಗೆ ಬಾಯಿ ತಪಾಸಣೆ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಚಟದ ಬಗ್ಗೆ ಕೇಳಿದಾಗ ನಿಜ ಹೇಳುವುದು ತಪಾಸಣೆಯ ಮೊದಲ ಹಂತ.

ಅನುಮಾನದ ಜಾಗದಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಅನೇಕರು ಹಿಂಜರಿಯುತ್ತಾರೆ. ಕತ್ತರಿ ತಗುಲಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಬೇಗ ಪತ್ತೆಯಾದರೆ ಸಾಮಾನ್ಯವಾಗಿ ಸಣ್ಣ ಶಸ್ತ್ರಚಿಕಿತ್ಸೆ ಸಾಕು. ತಡವಾದರೆ ದವಡೆಯ ಭಾಗವನ್ನೇ ತೆಗೆದು, ವಿಕಿರಣ, ಕೀಮೋಥೆರಪಿ ಕೊಡಬೇಕಾಗಬಹುದು.

ಎಷ್ಟೇ ವರ್ಷದ ಚಟವಾದರೂ ಬಿಟ್ಟರೆ ಲಾಭವುಂಟು. ಧೂಮಪಾನ ನಿಲ್ಲಿಸಿದ ಐದರಿಂದ ಹತ್ತು ವರ್ಷಗಳಲ್ಲಿ ಬಾಯಿ ಕ್ಯಾನ್ಸರ್‌ನ ಅಪಾಯ ಅರ್ಧಕ್ಕಿಳಿಯುತ್ತದೆ. ಒಬ್ಬರೇ ಬಿಡಲಾಗದವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯಲ್ಲಿ ಆಪ್ತಸಲಹೆ ಸಿಗುತ್ತದೆ.