ಮುದತು ಕೇಳುವವನ ಸಂಕೋಚ

ಕಾಲೇಜಿನಲ್ಲಿ ಅಧ್ಯಾಪಕರ ಕೋಣೆಯ ಬಾಗಿಲವರೆಗೆ ಎರಡು ಸಲ ಬಂದು, ಒಳಗೆ ಕಾಲಿಡಲಾರದೆ ಹಿಂದಿರುಗುವ ವಿದ್ಯಾರ್ಥಿಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಕೆಲವರು ತಾವೇ ಆ ವಿದ್ಯಾರ್ಥಿಯಾಗಿದ್ದಿರಲೂಬಹುದು. ಅವನ ಕೈಯಲ್ಲಿ ಅರ್ಧ ಬರೆದ ಪ್ರಬಂಧವಿರುವದು. ಅದನ್ನು ಒಪ್ಪಿಸುವ ಮುದತು ನಾಳೆಗೆ ತೀರುವದು. ಇನ್ನು ನಾಲ್ಕು ದಿನಗಳು ದೊರೆತರೆ ಕೆಲಸವು ಪೂರ್ತಿಯಾದೀತು. ಆದರೆ ಆ ನಾಲ್ಕು ದಿನಗಳನ್ನು ಕೇಳುವ ಬಗೆ ಹೇಗೆ? ಕೇಳಿದರೆ ಮೈಗಳ್ಳನೆಂದಾರೇನೋ! ಕೊನೆಗೆ ಅವನು ಏನನ್ನೂ ಕೇಳುವದಿಲ್ಲ. ಗೆಳೆಯನ ಹಾಳೆಗಳನ್ನು ರಾತ್ರಿಯಿಡೀ ಕುಳಿತು ನಕಲು ಮಾಡಿ ಮರುದಿನ ಒಪ್ಪಿಸಿಬಿಡುತ್ತಾನೆ. ಸಮಯಕ್ಕೆ ಸರಿಯಾಗಿ ಬಂದ ಆ ನಕಲಿಗೆ ಅಂಕಗಳು ದೊರೆಯುವವು. ನಾಲ್ಕು ದಿನ ತಡವಾಗಿ ಬರಬಹುದಾಗಿದ್ದ ಸ್ವಂತ ಬರಹವು ಹುಟ್ಟುವದೇ ಇಲ್ಲ.

ಇದು ಸಣ್ಣ ಮಾತೆಂದು ಯಾರೂ ತಳ್ಳಿಹಾಕಬಾರದು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಹುತೇಕ ವಿಷಯಗಳಿಗೆ ನೂರರಲ್ಲಿ 30ರಷ್ಟು ಭಾರವು ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೆ ಇರುವದು; ಅದನ್ನು ಒಪ್ಪಿಸದವನಿಗೆ ಪರೀಕ್ಷೆಯ ಬಾಗಿಲೂ ಸುಲಭವಾಗಿ ತೆರೆಯದು. ಅಲ್ಲಿ ಓದುವವರಾದರೂ ಯಾರು? ಹಗಲು ಅಂಗಡಿಯ ಲೆಕ್ಕ ಬರೆದು ರಾತ್ರಿ ಪುಸ್ತಕ ಹಿಡಿಯುವವರು, ಕೂಸನ್ನು ಮಲಗಿಸಿ ದೀಪದ ಮುಂದೆ ಕೂಡ್ರುವ ತಾಯಂದಿರು, ಊರೂರು ವರ್ಗವಾಗುವ ನೌಕರರು. ಇಂಥವರಿಗೆ ಮುದತೆಂಬದು ಪಂಚಾಂಗದ ಒಂದು ತಾರೀಖು ಮಾತ್ರವಲ್ಲ. ಅದು ತಪ್ಪಿದರೆ ಮುಂದಿನ ಪರೀಕ್ಷೆಯವರೆಗೆ, ಅಂದರೆ ಅರ್ಧ ವರ್ಷ, ಕಾಯಬೇಕಾದೀತು.

ಆದರೆ ಈ ಕಷ್ಟಕ್ಕೆ ಕಂಡುಕೊಂಡಿರುವ ಪರಿಹಾರವು ವಿಚಿತ್ರವಾದದ್ದು. ಕೊನೆಯ ದಿನವು ಸಮೀಪಿಸಿದಾಗ, ಒಮ್ಮೊಮ್ಮೆ ಅದು ದಾಟಿದ ಮೇಲೆಯೂ, ಎಲ್ಲರಿಗೂ ಒಟ್ಟಾಗಿ ಮುದತನ್ನು ಮುಂದೂಡಿದ ಪ್ರಕಟಣೆ ಹೊರಡುವದು. ಸದರಿ ವಿಶ್ವವಿದ್ಯಾಲಯದಲ್ಲಿ ಇದು ಹಲವು ಸಲ ನಡೆದಿರುವದು. ಉದಾರತೆಯೆಂದು ಇದನ್ನು ಹೊಗಳುವವರುಂಟು. ನಮಗೆ ಹಾಗೆನಿಸುವದಿಲ್ಲ. ಮಗುವಿನ ಜ್ವರದ ನಡುವೆಯೂ ನಿದ್ದೆಗೆಟ್ಟು ಮೊದಲ ತಾರೀಖಿಗೇ ಒಪ್ಪಿಸಿದವಳಿಗೆ ಈ ಔದಾರ್ಯದಿಂದ ದೊರೆತದ್ದೇನು? ಪ್ರಕಟಣೆ ಬಂದೇ ಬರುವದೆಂದು ಕಾಲು ಚಾಚಿ ಕುಳಿತವನಿಗೆ ಮಾತ್ರ ಲಾಭವಾಯಿತು. ನಿಜವಾಗಿ ಆಪತ್ತಿನಲ್ಲಿದ್ದವನಿಗಂತೂ ಪ್ರಕಟಣೆ ಬಂದೀತೋ ಇಲ್ಲವೋ ಎಂಬ ಚಿಂತೆಯೇ ಮತ್ತೊಂದು ಹೊರೆ.

ಮುದತು ಬೇಕಾದವನು ತಾನಾಗಿಯೇ ಕೇಳಲಿ ಎನ್ನಬಹುದು. ಕೇಳುವದು ಎಲ್ಲರಿಗೂ ಸಮನಾಗಿ ಬರುವದಿಲ್ಲವೆಂಬದೇ ಇಲ್ಲಿಯ ತೊಡಕು. ವಕೀಲರ, ಪ್ರಾಧ್ಯಾಪಕರ ಮನೆಯ ಹುಡುಗನಿಗೆ ದೊಡ್ಡವರೊಡನೆ ಮಾತನಾಡುವ ರೂಢಿ ಬಾಲ್ಯದಿಂದಲೇ ಇರುವದು; ತನ್ನ ಮನೆತನದಲ್ಲಿ ಮೊಟ್ಟಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ ಹೀಗೂ ಕೇಳಬಹುದೆಂಬ ಸಂಗತಿಯೇ ತಿಳಿದಿರದು. ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಆಶ್ಲೀ ವಿಲ್ಲನ್ಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಸಂಶೋಧನೆಯು ಇಲ್ಲಿ ಮನನೀಯವಾಗಿದೆ. ಬದಲಾಯಿಸಲು ಅವಕಾಶವಿರುವ ಮುದತನ್ನು ಕೂಡ ಹೆಚ್ಚಿಸಿರೆಂದು ಕೇಳಲು ಗಂಡಸರಿಗಿಂತ ಹೆಂಗಸರು ಹೆಚ್ಚು ಹಿಂಜರಿಯುವರೆಂದೂ, ಇತರರಿಗೆ ತಾವು ಹೊರೆಯಾದೇವೆಂಬ ಅಳುಕು ಅದರ ಹಿಂದೆ ಇರುವದೆಂದೂ ಅವರು ಕಂಡುಕೊಂಡರು. ಕೇಳುವ ವಿಧಾನವನ್ನು ನಿಯಮವಾಗಿ ಸ್ಪಷ್ಟಪಡಿಸಿದಾಗ ಆ ಅಂತರವು ಅಳಿಯಿತೆಂಬದು ಅದಕ್ಕಿಂತಲೂ ಮಹತ್ವದ ಮಾತು. ಅಂದಮೇಲೆ ಸಂಕೋಚವು ಹುಟ್ಟುಗುಣವೆಂದು ಕೈಕಟ್ಟಿ ಕೂಡ್ರಬೇಕಾಗಿಲ್ಲ.

ಅಧ್ಯಾಪಕರ ಪಕ್ಷವನ್ನೂ ನಾವು ಮರೆಯಲಾರೆವು. ನೂರಾರು ಉತ್ತರಗಳನ್ನು ಓದಿ ನಿಗದಿಯಾದ ದಿನಕ್ಕೆ ಅಂಕ ಕಳಿಸಬೇಕಾದವರು ಅವರು. ಪ್ರತಿ ಮುದತಿಗೂ ಯಾರೋ ಒಬ್ಬನ ಅಜ್ಜಿ ತೀರಿಕೊಳ್ಳುವಳು. ಒಬ್ಬನೇ ವಿದ್ಯಾರ್ಥಿಯ ನಾಲ್ವರು ಅಜ್ಜಿಯಂದಿರು ಪದವಿ ಮುಗಿಯುವದರೊಳಗೆ ಕಾಲವಶರಾಗುವದುಂಟು! ಸುಳ್ಳಿಗೆ ಅಂಜಿ ವೈದ್ಯರ ಪ್ರಮಾಣಪತ್ರವನ್ನು ಕೇಳಿದರೆ ಎರಡು ದಿನದ ಶೀತಕ್ಕೂ ಕಾಗದವನ್ನು ಹಣ ಕೊಟ್ಟು ತರುವ ಹಾದಿ ತೆರೆಯುವದು. ಹಣವಿದ್ದವನಿಗೆ ರೋಗವಿಲ್ಲದಿದ್ದರೂ ಪತ್ರ ಸಿಗುವದು, ಹಣವಿಲ್ಲದವನಿಗೆ ರೋಗವಿದ್ದರೂ ಸಿಗದು. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಈ ಜಂಜಾಟವನ್ನು ಕಂಡು, ಕೆಲವೇ ದಿನಗಳ ಅವಧಿಯನ್ನು ವಿದ್ಯಾರ್ಥಿಯ ಸ್ವಂತ ಹೇಳಿಕೆಯ ಮೇಲೆಯೇ ಮಿತವಾಗಿ ಕೊಡುವ ಪದ್ಧತಿಯನ್ನಿಟ್ಟಿವೆ. ದೀರ್ಘ ಕಾಲ ಬೇಕಾದರೆ ಮಾತ್ರ ಪುರಾವೆ. ಅಪ್ಪಣೆಯಿಲ್ಲದೆ ತಡಮಾಡಿದರೆ ಅಂಕ ಕಡಿತವೂ ಅಲ್ಲಿ ಉಂಟು. ನಂಬಿಕೆ ಮತ್ತು ಶಿಸ್ತು ಒಂದೇ ಚಾವಣಿಯ ಕೆಳಗೆ ವಾಸಿಸಬಲ್ಲವೆಂಬದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಇಂಥ ನಿಯಮವೇ ಇಲ್ಲವೆಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯು ಪಿಎಚ್.ಡಿ.ಗೆ ಆರು ವರ್ಷಗಳ ಮಿತಿಯನ್ನು ಹಾಕಿ, ಮರುನೋಂದಣಿಯಿಂದ ಇನ್ನೆರಡು ವರ್ಷಗಳನ್ನೂ, ಮಹಿಳೆಯರಿಗೂ ನೂರಕ್ಕೆ 40ಕ್ಕಿಂತ ಹೆಚ್ಚು ಅಂಗವಿಕಲತೆಯುಳ್ಳವರಿಗೂ ಮತ್ತೆರಡು ವರ್ಷಗಳನ್ನೂ ಕೊಡುವ ಅವಕಾಶವನ್ನು ಕಲ್ಪಿಸಿದೆ. ಹೆರಿಗೆ ಹಾಗೂ ಶಿಶುಪಾಲನೆಗೆಂದು 240 ದಿನಗಳವರೆಗೆ ರಜೆಯುಂಟು. ಅಲ್ಲಿ ಸಂಶೋಧಕಿಯು ಯಾರ ಮುಂದೆಯೂ ಕಣ್ಣೀರು ಸುರಿಸಬೇಕಾಗಿಲ್ಲ, ನಿಯಮದ ಸಂಖ್ಯೆಯನ್ನು ಬರೆದರೆ ಸಾಕು. ಪ್ರಬಂಧಕ್ಕೆ ಎರಡು ವರ್ಷಗಳನ್ನು ಹೆಚ್ಚಿಸುವ ದಾರಿ ಅಚ್ಚಾಗಿರುವಾಗ, ಬಿ.ಎ. ವಿದ್ಯಾರ್ಥಿಯ ಹತ್ತು ಪುಟಗಳಿಗೆ ಎರಡು ದಿನ ಹೆಚ್ಚಿಸುವದು ಮಾತ್ರ ಅಧ್ಯಾಪಕರ ಆ ಹೊತ್ತಿನ ಮನಸ್ಸಿಗೆ ಬಿಟ್ಟ ವಿಷಯವಾಗಿ ಏಕೆ ಉಳಿಯಬೇಕು?

ವಿದ್ಯಾರ್ಥಿಗಳಿಗೂ ಒಂದು ಮಾತು. ಮುದತು ತೀರಿದ ಮರುದಿನ ಬರೆದದ್ದು ವಿನಂತಿಯಲ್ಲ, ಅದು ಕ್ಷಮಾಪಣೆ. ಮೂರು ನಾಲ್ಕು ದಿನ ಮುಂಚಿತವಾಗಿ ಬರೆಯಿರಿ. ಮನೆಯ ದುಃಖವನ್ನೆಲ್ಲ ವಿಸ್ತರಿಸುವದು ಬೇಡ. "ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಬರೆದಿರುವೆನು. ತಂದೆಯವರು ಆಸ್ಪತ್ರೆಯಲ್ಲಿರುವದರಿಂದ ಮೂರನೆಯದು ಉಳಿದಿದೆ. ಗುರುವಾರ ಸಂಜೆಯೊಳಗೆ ಒಪ್ಪಿಸಲು ಅನುಮತಿ ಕೊಡಬೇಕಾಗಿ ವಿನಂತಿ." ಇಷ್ಟರಲ್ಲಿ ಕಾರಣವಿದೆ, ಆದ ಕೆಲಸದ ಲೆಕ್ಕವಿದೆ, ಹೊಸ ತಾರೀಖೂ ಇದೆ. ಅಧ್ಯಾಪಕರು ಹೌದೆನ್ನಲಿ, ಇಲ್ಲವೆನ್ನಲಿ, ಒಂದೇ ಸಾಲಿನಲ್ಲಿ ಉತ್ತರಿಸಬಹುದು.

ಕಾಲೇಜುಗಳು ಮಾಡಬೇಕಾದದ್ದು ಇದಕ್ಕಿಂತ ಹೆಚ್ಚಿನದಲ್ಲ. ವರ್ಷಾರಂಭದಲ್ಲಿ ಪ್ರಶ್ನೆಗಳ ಹಾಳೆಯನ್ನು ಹಂಚುವಾಗಲೇ, ಮುದತನ್ನು ಯಾರಲ್ಲಿ ಕೇಳಬೇಕು, ಎಷ್ಟು ದಿನ ಮೊದಲು ಕೇಳಬೇಕು, ಎಷ್ಟು ದಿನ ಸಿಗಬಹುದು, ಕೇಳದೆ ತಡವಾದರೆ ಎಷ್ಟು ಅಂಕ ಹೋಗುವದು ಎಂಬ ನಾಲ್ಕು ಸಾಲುಗಳನ್ನು ಅದರ ಕೆಳಗೆ ಅಚ್ಚು ಮಾಡಿಸಲಿ. ಕನ್ನಡ ನಾಡಿನ ಕಾಲೇಜುಗಳಲ್ಲಿ ಅವು ಕನ್ನಡದಲ್ಲಿಯೂ ಇರಲಿ.